ಬೆಂಚಿನ ಕೊನೆಯ ಸಮಾಧಾನ

27 ನವೆಂಬರ್ 2011, ಭಾನುವಾರ

ಎಲ್ಲರಿಗಿಂತ ಮೊದಲು ಚರ್ಚಿಗೆ ಹೋಗಿ ಎರಡನೇ ಬೆಂಚು ಒರೆಸಿದೆ. ಗೋಡೆ ಪಕ್ಕದ ಜಾಗವನ್ನೂ. ಅದು ತಂಗಿ ದಯಾಮಣಿಯದು. ಈಗ ಅವಳು ಮಹದೇವಪುರದ ಹೊಸ ಸಭೆಗೆ ಹೋಗುತ್ತಾಳೆ. ಶೀಟಿನ ಶೆಡ್ಡು, ಡ್ರಮ್ಸು, ಮೈಕು. ಹೋದ ಈಸ್ಟರಿಗೆ ಅಲ್ಲಿ ತೊಟ್ಟಿಯಲ್ಲಿ ಮುಳುಗಿ ಎರಡನೇ ಸಲ ದೀಕ್ಷಾಸ್ನಾನ ಮಾಡಿಸಿಕೊಂಡಳು. ಕೂಸಾಗಿದ್ದಾಗ ಅಪ್ಪ ಎತ್ತಿಕೊಂಡು ಹೋಗಿ ಮಾಡಿಸಿದ್ದು ಸಾಲಲಿಲ್ಲವಂತೆ. ಅಲ್ಲಿ ಒಡವೆ ಹಾಕಬಾರದಂತೆ, ಅಮ್ಮನ ಓಲೆಯನ್ನೂ ಬಿಚ್ಚಿಟ್ಟಳು. "ಬೋಳು ಕಿವಿಯಲ್ಲಿ ನನ್ನ ಬಾಗಿಲಿಗೆ ಬರಬೇಡ" ಅಂದೆ.

ಬರಲಿಲ್ಲ. ಹುಟ್ಟಿದಾಗಿಂದ ನನ್ನ ಮಾತು ಕೇಳದವಳು, ಅದೊಂದು ಮಾತು ಕೇಳಿದಳು.

4 ಡಿಸೆಂಬರ್

ಕರ್ತನ ಭೋಜನ. ಪಾದ್ರಿ ಅಯ್ಯನವರು ಮುಂದಿನಿಂದ ದೇವರ ಸಮಾಧಾನ ಕೊಟ್ಟು ಕಳಿಸಿದರು. ಜೋಡಿಸಿದ ಕೈಯನ್ನು ಪಕ್ಕದವರ ಎರಡು ಕೈಗಳ ನಡುವೆ ಇಡುವುದು, ಅವರು ಮುಂದಿನವರಿಗೆ. ಹಾಗೇ ಬೆಂಚಿನುದ್ದಕ್ಕೂ ಬಂತು. ಪಕ್ಕ ಕೂರುವ ಟೀಚರಮ್ಮ ನನಗೆ ಕೊಟ್ಟರು. ಅಭ್ಯಾಸ... ಆ ಕಡೆ ತಿರುಗಿದೆ. ಗೋಡೆ. ಕೈ ಸೆರಗಿನೊಳಗೆ ಇಟ್ಟುಕೊಂಡೆ.

ದಯಾಮಣಿಯ ಕೈ ಯಾವಾಗಲೂ ತಣ್ಣಗಿರುತ್ತಿತ್ತು. ಬೇಸಿಗೆಯಲ್ಲೂ.

13 ಡಿಸೆಂಬರ್

ಹಿತ್ತಲ ರೂಮಿನ ಮಲಕವ್ವನಿಗೆ ಜ್ವರ. ಯಾದಗಿರಿ ಕಡೆಯವಳು, ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ಕೆಲಸ. ಗಂಜಿ ಒಯ್ದೆ. ಕಾಲಿಗೆ ಬೀಳಲು ಬಂದಳು. "ಮೊದಲು ಕುಡಿಯೇ. ಕಾಲು ಎಲ್ಲಿಗೂ ಓಡಿಹೋಗಲ್ಲ."

ಹೊರಗಿನವರನ್ನು ಪ್ರೀತಿಸುವುದು ಸುಲಭ. ಗಂಜಿ ಕೊಟ್ಟು ಬಂದು ಬಾಗಿಲು ಹಾಕಿಕೊಳ್ಳಬಹುದು. ಅವಳು ಯಾವ ದೇವರಿಗೆ ಹೇಗೆ ಕೈಮುಗಿದರೂ ನನಗೆ ಚುಚ್ಚುವುದಿಲ್ಲ. ಅದೇ ಕರ್ತನನ್ನು ಬೇರೆ ರಾಗದಲ್ಲಿ ಕರೆಯುವ ತಂಗಿ ಚುಚ್ಚುತ್ತಾಳೆ.

22 ಡಿಸೆಂಬರ್

ಕರ್ಜಿಕಾಯಿ. ಹೂರಣ ತುಂಬುವುದು ನಾನು, ಅಂಚು ಮಡಿಚುವುದು ದಯಾಮಣಿ. ಈ ಸಲ ಎರಡೂ ನಾನೇ. ಎಣ್ಣೆಗೆ ಬಿದ್ದಕೂಡಲೇ ಬಾಯಿ ಬಿಟ್ಟವು. ಮಲಕವ್ವ ನಕ್ಕಳು — "ಅಮ್ಮಾರ, ಇವು ಬಾಯಿ ಮುಚ್ಚಂಗಿಲ್ಲ ನೋಡ್ರಿ!" ಬೈದೆ. ಆಮೇಲೆ, ಹಬ್ಬಕ್ಕೆ ಚರ್ಚಿಗೆ ಬಾ ಅಂದೆ.

25 ಡಿಸೆಂಬರ್, ಮಧ್ಯಾಹ್ನ

ಮಲಕವ್ವ ಬಂದಳು. ಹಸಿರು ಸೀರೆ, ಕೈತುಂಬ ಬಳೆ. ಎಲ್ಲೂ ಜಾಗವಿಲ್ಲ, ನನ್ನನ್ನು ದಾಟಿ ಗೋಡೆ ಪಕ್ಕ ಕೂತೇಬಿಟ್ಟಳು. ಏಳು ಅನ್ನುವಷ್ಟರಲ್ಲಿ ಹಾಡು ಶುರುವಾಯಿತು.

ಸಮಾಧಾನ ಬಂತು. ಅವಳ ಕೈಯಲ್ಲಿಟ್ಟೆ. ಒರಟು ಕೈ. ಬಿಸಿ.

"ಏನ್ರಿ ಇದು?"

"ದೇವರ ಸಮಾಧಾನ. ಪಕ್ಕದವರಿಗೆ ಕೊಡ್ಬೇಕು."

"ನನ್ ಪಕ್ಕ ಯಾರೂ ಇಲ್ಲಲ್ರಿ."

"ಸುಮ್ನೆ ಕೂತ್ಕೊ."

ಕೂರಲಿಲ್ಲ. ಜೋಡಿಸಿದ ಕೈ ಹಾಗೇ ಹಿಡಿದು, ನಡುದಾರಿಯಲ್ಲಿ ಬಳೆ ಸದ್ದು ಮಾಡುತ್ತ ಹೊರಗೆ ಹೋದಳು. ಇಡೀ ಸಭೆ ತಿರುಗಿ ನೋಡಿತು. ಮರ್ಯಾದೆ ಹೋಯಿತು ಅಂದುಕೊಂಡೆ. ವಾಪಸು ಬಂದು ಕಿವಿಯಲ್ಲಿ ಅಂದಳು — "ಗೇಟಿನ್ಯಾಗ ಮುತ್ಯಾ ಒಬ್ಬನ ಕುಂತಿದ್ದ. ಕೊಟ್ಟು ಬಂದೆ. ಇಟ್ಕೊಳ್ಳಾಕ ಕೊಟ್ಟಿದ್ದಲ್ಲಲ್ರಿ ಅದು?"

ವಾಚ್‌ಮನ್ ದಾಸಪ್ಪ. ಎಷ್ಟೋ ವರ್ಷದಿಂದ ಗೇಟಿನಲ್ಲೇ ಕೂತವನು. ಸಮಾಧಾನ ಅಲ್ಲಿವರೆಗೂ ನಡೆದು ಹೋಗಬಹುದು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹೊರಡುವಾಗ ಅವನು ಎದ್ದು ನಿಂತ. "ಅಮ್ಮಾ, ಆ ಯಮ್ಮ ಏನೋ ಕೊಟ್ಬುಟ್ಟು ವೋದ್ಲು. ನಮ್ಮನೆಯವಳಿಗೆ ಕೊಟ್ರೆ ಆಯ್ತದಾ? ಮೂರ್ ದಿನದಿಂದ ಮಾತಿಲ್ಲ."

"ಆಗುತ್ತೆ. ಕೊಡು" ಅಂದೆ.

ಅದೇ ದಿನ, ನಾಲ್ಕು ಗಂಟೆ

ಬಾಯಿ ಬಿಟ್ಟ ಕರ್ಜಿಕಾಯಿಗಳನ್ನೇ ಡಬ್ಬಿಗೆ ಹಾಕಿದೆ. ನೋಡಿ ನಗಲಿ. ಮಹದೇವಪುರ ಎಷ್ಟು ದೂರ... ಹೂಡಿ ದಾಟಿದರೆ ಬಂತು.

ನಾನೂ ಓಲೆ ಬಿಚ್ಚಿ ಹೋಗಲೇ? ಇಲ್ಲ. ಅವಳ ಕಿವಿ ಅವಳದು, ನನ್ನ ಕಿವಿ ನನ್ನದು. ತೊಟ್ಟಿಯ ಮಾತು ಎತ್ತುವುದಿಲ್ಲ. ಯಾವ ಮಾತೂ ಬೇಡ. ಬಾಗಿಲು ತೆಗೆದಾಗ ಕೈ ಜೋಡಿಸಿ ಮುಂದೆ ಹಿಡಿಯುವುದು, ಅಷ್ಟೇ. ಅವಳಿಗೆ ಗೊತ್ತಾಗುತ್ತದೆ.

ಮಲಕವ್ವ ರಸ್ತೆಯಿಂದ ಕೂಗುತ್ತಿದ್ದಾಳೆ, ಬಸ್ಸು ಬಂತಂತೆ. ದಯಾಮಣಿಯ ಕೈ ಇನ್ನೂ ಹಾಗೇ ತಣ್ಣಗಿದ್ದರೆ —