ನಿಮ್ಮಪ್ಪನ ದನಿಯಲ್ಲಿ ಕೇಳಿದ ಟಿಕೆಟ್ಟಿನ ದುಡ್ಡು

ಪಿಂಚರ್ಸ್ ಆರ್ಮ್, ನ್ಯೂಫೌಂಡ್‌ಲ್ಯಾಂಡ್
೨೯ ಏಪ್ರಿಲ್ ೨೦೨೧

ಪ್ರೀತಿಯ ಡಲ್ಸಿ,

ನೀನೂ ಕರ್ಟಿಸ್ಸೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಹೊಟ್ಟೆಯಲ್ಲಿರುವ ಕೂಸು ಒದೆಯಲು ಶುರುಮಾಡಿತೇ? ನಿನ್ನ ಪತ್ರ ಬಂದು ತಿಂಗಳಾಯಿತು, ಉತ್ತರಿಸದ್ದಕ್ಕೆ ಬೈಯಬೇಡ. ಬರೆಯಲು ಕೂತರೆ ಸುಳ್ಳು ಬರೆಯಬೇಕಾಗುತ್ತಿತ್ತು, ಅದಕ್ಕೇ ಕೂರಲಿಲ್ಲ. ಬಾಯಲ್ಲೇ ಹೇಳೋಣವೆಂದರೆ ಫೋನಿರುವುದು ಅಡುಗೆಮನೆಯಲ್ಲಿ, ನಿಮ್ಮಪ್ಪ ಇರುವುದೂ ಅಲ್ಲೇ. ಈಗ ಅವರು ಬಲೆ ನೋಡಲು ಷೆಡ್ಡಿಗೆ ಹೋಗಿದ್ದಾರೆ.

"ಅಪ್ಪನಿಗೆ ಮಗಳಿಗಿಂತ ವಿಮಾನದ ದುಡ್ಡೇ ಹೆಚ್ಚಾಯ್ತಾ? ನೀವು ಬರೋತನಕ ಮದುವೆಗೆ ಕಾಯಲಿಲ್ಲ ಅಂತ ಇನ್ನೂ ಸಿಟ್ಟಾ? ಒಂದ್ಸಲ ಫೋನಿಗೆ ಬಂದ್ರೆ ಅವರ ಗಂಟೇನು ಹೋಗುತ್ತೆ?" ಎಂದು ಕೇಳಿದ್ದೀಯ. ಸಿಟ್ಟಿಲ್ಲ ಕಣೇ. ನವೆಂಬರಿನಲ್ಲಿ ಅವರ ಗಂಟಲಿನ ಗೆಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದುಬಿಟ್ಟರು. ಕತ್ತಿನಲ್ಲೊಂದು ತೂತು, ಅದರಿಂದಲೇ ಉಸಿರು. ಮಾತಿಲ್ಲ. ಆಪರೇಷನ್ನಿನ ಹಿಂದಿನ ದಿನ, "ಅವಳಿಗೆ ಹೇಳ್ಬೇಡ ಮಿನಾ. ಕೋವಿಡ್ ಅಂತ ಗಡಿ ಮುಚ್ಚಿದೆ, ಬರೋಕಾಗಲ್ಲ. ಅಲ್ಲೇ ಕೂತು ಅಳ್ತಾಳೆ ಅಷ್ಟೆ" ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ಇವತ್ತು ಮುರಿದಿದ್ದೇನೆ.

ಇನ್ನು ಆ ದುಡ್ಡಿನ ಕಥೆ. ನಿನ್ನ ಮದುವೆಗೆಂದು ತೆಗೆದ ಟಿಕೆಟ್ಟುಗಳು. ವಿಮಾನ ರದ್ದು ಮಾಡಿದವರು ಕಂಪನಿಯವರು, ದುಡ್ಡು ನಮ್ಮದು, ಕೈಗಿತ್ತದ್ದು ಮಾತ್ರ ವೋಚರ್ ಎಂಬ ಚೀಟಿ. ನಿಮ್ಮಪ್ಪ ದನಿ ಇರುವ ತನಕ ಜಗಳವಾಡಿದರು. "ಮೀನು ತಗೊಂಡು ದುಡ್ಡಿನ ಬದಲು ಚೀಟಿ ಕೊಡೋ ಸಾಹುಕಾರರ ಕಾಲ ನಮ್ಮಜ್ಜನ ಜೊತೇಲೇ ಸತ್ತೋಯ್ತು ಅಂದ್ಕೊಂಡಿದ್ದೆ, ರೆಕ್ಕೆ ಕಟ್ಕೊಂಡು ವಾಪಸ್ ಬಂದಿದೆ ನೋಡು!" ಎಂದು ಫೋನಿಟ್ಟ ಮೇಲೂ ಕೂಗಾಡುತ್ತಿದ್ದರು.

ಈ ವಸಂತದಲ್ಲಿ ಕಂಪನಿಯವರು ಕೊನೆಗೂ ಬಗ್ಗಿದರು. ಕೇಳಿದವರಿಗೆ ದುಡ್ಡು, ಕೇಳಲು ಸೋಮವಾರವೇ ಕಡೆಯ ದಿನ. ಆದರೆ ಟಿಕೆಟ್ಟು ತೆಗೆದವರೇ ಮಾತಾಡಬೇಕಂತೆ. ಮಾತಾಡಲಾರರು ಎಂದರೆ ಡಾಕ್ಟರ ಪತ್ರ ಕೇಳಿದರು. ಕಳಿಸಿದರೆ "ಬಂದಿಲ್ಲ, ಮತ್ತೆ ಕಳಿಸಿ" ಎಂದರು. ಸೋಮವಾರ ತಿಂಡಿ ಮುಗಿಸಿ ಫೋನ್ ಹಿಡಿದವಳು ಮಧ್ಯಾಹ್ನದವರೆಗೂ ಅವರ ದರಿದ್ರ ಸಂಗೀತ ಕೇಳಿದೆ. ಒಲೆ ಮೇಲಿಟ್ಟ ಉಪ್ಪುಮಾಂಸ ಸೀದುಹೋಯಿತು. ಕೊನೆಗೆ ಒಬ್ಬ ಹುಡುಗ ಸಿಕ್ಕಿದ.

"ಮೇಡಂ, ಹೆಡ್ಲಿ ಪಾರ್ಡಿ ಅವರೇ ಮಾತಾಡ್ಬೇಕು. ಪಕ್ಕದಲ್ಲಿದ್ದಾರಾ?"

"ಇದ್ದಾರಪ್ಪಾ, ಆದ್ರೆ..."

"ಹಾಗಾದ್ರೆ ಕೊಡಿ. ಲೈನ್ ಕಟ್ಟಾದ್ರೆ ಇವತ್ತು ಮತ್ತೆ ಸಿಗಲ್ಲ."

ಕ್ರಿಸ್‌ಮಸ್ಸಿಗೆ ವೇಷ ಕಟ್ಟಿ ಮನೆಮನೆಗೆ ಹೋಗುವಾಗ ಗುರುತು ಸಿಗಬಾರದೆಂದು ಉಸಿರನ್ನು ಒಳಕ್ಕೆಳೆದುಕೊಂಡು ಮಾತಾಡುತ್ತೇವಲ್ಲ, ಅದೇ ನೆನಪಾಯಿತು. ನನ್ನ ಗಂಡುದನಿಯನ್ನು ಊರಿನಲ್ಲಿ ಒಬ್ಬರೂ ಹಿಡಿದವರಿಲ್ಲ. ನಿಮ್ಮಪ್ಪ ಕಣ್ಣಲ್ಲೇ ಬೇಡವೆಂದರು. ನಾನು ಉಸಿರೆಳೆದೆ.

"ಹೆಡ್ಲಿ ಪಾರ್ಡಿ ಮಾತಾಡ್ತಿರೋದು."

"ದನಿ ಯಾಕೆ ಹಾಗಿದೆ ಸಾರ್? ಹುಷಾರಿಲ್ವಾ?"

"ಶೀತ."

"ಕೋವಿಡ್ ಅಲ್ಲ ತಾನೇ?"

"ಆದ್ರೂ ಫೋನಲ್ಲಿ ಅಂಟಲ್ಲ ಬಿಡಪ್ಪಾ."

ನಿಮ್ಮಪ್ಪ ಕತ್ತಿನ ಬಟ್ಟೆ ಒತ್ತಿ ಹಿಡಿದು ಸದ್ದಿಲ್ಲದೆ ನಕ್ಕರು. ಹುಟ್ಟಿದ ದಿನ ಕೇಳಿದ, ಹೇಳಿದೆ. ಕಾರ್ಡಿನ ಅಂಕಿ ಕೇಳಿದ. ಅವರು ಬೆರಳಲ್ಲಿ ತೋರಿಸಿದಂತೆ ಒಂದೊಂದೇ ಹೇಳಿದೆ. ಉಸಿರು ಒಳಗೆಳೆದೆಳೆದು ತಲೆ ತಿರುಗುತ್ತಿತ್ತು, ಎಲ್ಲಿ ನನ್ನ ದನಿ ಹೊರಬಿದ್ದೀತೋ ಎಂಬ ಭಯ ಬೇರೆ. ಕಡೆಗೂ "ಆಯ್ತು ಸಾರ್, ದುಡ್ಡು ಬರುತ್ತೆ" ಎಂದ. ನಿನ್ನೆ ಬಂತು. ಪಾದ್ರಿಗಳ ಬಳಿ ಪಾಪ ಒಪ್ಪಿಕೊಳ್ಳಬೇಕು. ಅವರ ರೋಮ್ ಪ್ರವಾಸದ ದುಡ್ಡೂ ಇನ್ನೂ ಬಂದಿಲ್ಲವಂತೆ, ಕ್ಷಮಿಸಿಯಾರು.

ಭಾರ ಎತ್ತಬೇಡ, ಹೊತ್ತುಹೊತ್ತಿಗೆ ಊಟಮಾಡು. ಕರ್ಟಿಸ್ಸಿಗೆ ನನ್ನ ಪ್ರೀತಿ ತಿಳಿಸು. ದೇವರು ನಿನ್ನನ್ನೂ ಕೂಸನ್ನೂ ತಣ್ಣಗಿಟ್ಟಿರಲಿ.

ನಿನ್ನನ್ನು ದಿನವೂ ನೆನೆಯುವ ಅಮ್ಮ,
ಫಿಲೊಮಿನಾ

ತಾ.ಕ.: ಒಂದು ಮಾತು ಬೇಕೆಂದೇ ಬಿಟ್ಟಿದ್ದೆ. ಬಿಟ್ಟು ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ.

ದುಡ್ಡು ಕೊಡುವ ಮೊದಲು ಆ ಹುಡುಗ, "ಯೋಚ್ನೆ ಮಾಡಿ ಸಾರ್. ವೋಚರ್ ಇಟ್ಕೊಂಡ್ರೆ ಸ್ವಲ್ಪ ಮೇಲೆ ಸೇರಿಸಿ ಕೊಡ್ತೀವಿ, ಯಾವಾಗ ಬೇಕಾದ್ರೂ ಹೋಗ್ಬಹುದು. ಮಗಳ ಮದುವೆಗೆ ಅಂತ ಇಲ್ಲಿ ಬರ್ದಿದೆ. ಅವರನ್ನ ನೋಡೋಕೆ ಮುಂದೆ ಹೋಗಲ್ವಾ?" ಎಂದು ಕೇಳಿದ. ನಾನು ಫೋನಿಗೆ ಕೈ ಅಡ್ಡ ಹಿಡಿದು, "ಹೆಡ್, ಮೊಮ್ಮಗು ಬರ್ತಿದೆ. ಈಗ್ಲಾದ್ರೂ ಹಟ ಬಿಡು, ಚೀಟೀನೇ ಇಟ್ಕೊಳ್ಳೋಣ" ಎಂದು ಪಿಸುಗುಟ್ಟಿದೆ. ಅವರು ಬೇಡವೆಂದು ತಲೆಯಾಡಿಸಿದರು. ಹಟದ ಮುಖವಲ್ಲ ಅದು. ನನ್ನ ಕೈ ಎಳೆದು ತಮ್ಮ ಎದೆಯ ಮೇಲಿಟ್ಟುಕೊಂಡು ಮತ್ತೆ ತಲೆಯಾಡಿಸಿದರು.

ಅದರ ಹಿಂದಿನ ವಾರ ಡಾಕ್ಟರ ಬಳಿ ಹೋಗಿದ್ದೆವು. ಕೋವಿಡ್ ನಿಯಮವೆಂದು ನನ್ನನ್ನು ಒಳಗೆ ಬಿಡಲಿಲ್ಲ, ಕಾರಿನಲ್ಲೇ ಕೂತಿದ್ದೆ. ಹೊರಬಂದವರು ಹೆಬ್ಬೆರಳೆತ್ತಿ ತೋರಿಸಿದ್ದರು, ನಾನು ನಂಬಿದ್ದೆ. ಡಾಕ್ಟರು ಒಳಗೆ ಏನಂದಿದ್ದರೆಂದು ನನಗೆ ತಿಳಿದದ್ದು ಅಡುಗೆಮನೆಯಲ್ಲಿ, ಆ ಗಳಿಗೆ.

ಹುಡುಗ "ಸಾರ್? ಸಾರ್?" ಎನ್ನುತ್ತಿದ್ದ. ಉಸಿರೆಳೆದುಕೊಂಡು, ನಿಮ್ಮಪ್ಪನ ಎದುರೇ, ಅವರಾಗಿ ನಾನು ಹೇಳಿದೆ: "ಇಲ್ಲಪ್ಪಾ. ನಾನಿನ್ನು ಹೋಗಲ್ಲ."

ಕಾಯಿಲೆಯವರ ಮಕ್ಕಳಿಗೆ ಗಡಿ ದಾಟಲು ಪರವಾನಗಿ ಕೊಡುತ್ತಾರಂತೆ, ಕೇಳು. ಫೋನ್ ಮಾಡಬೇಡ ಮಗಳೇ. ಬಾ.