ಮೂರನೇ ಬಾಗಿಲಲ್ಲಿ ನಿಂತುಹೋಗುವ ಆಟ

೫-೧೦-೧೯೯೮, ಸೋಮವಾರ, ಹಿಂದೂಪುರ

ಹಬ್ಬಕ್ಕೆಂದು ಕಂಪ್ಯೂಟರ್ ಸೆಂಟರಿಗೆ ತಂದ ಆ ಕೋಟೆಯುದ್ಧದ ಆಟ ಮಾಡಿದವರ ಕೈ ಸೇದಿಹೋಗಲಿ! ಕುದುರೆ ಮಂಡಿಯವರೆಗೆ ನೆಲದಲ್ಲಿ ಹೂತುಕೊಂಡೇ ಓಡುತ್ತದೆ. ಸೇನಾಪತಿಯ ಮೀಸೆ ಮುಖ ಬಿಟ್ಟು ಗಾಳಿಯಲ್ಲಿ ತೇಲುತ್ತದೆ. ಅದನ್ನೂ ಸಹಿಸಿಕೊಂಡೆ. ಆದರೆ ಕೋಟೆಯ ಮೂರನೇ ಬಾಗಿಲಿಗೆ ಬಂದರೆ ಸಾಕು, ಎಲ್ಲವೂ ಕಲ್ಲಿನಂತೆ ನಿಂತುಬಿಡುತ್ತದೆ. ಇವತ್ತಿಗೆ ಆರನೇ ಸಲ.

"ಬುದ್ಧಿಗೆಟ್ಟೋರು ಮಾಡವ್ರೆ ಸಾರ್!" ಎಂದು ಸೆಂಟರ್ ನಡೆಸುವ ಓಬಳಪ್ಪನವರ ಮುಂದೆ ಕೂಗಾಡಿದೆ. ಅವರು ಸಿಡಿ ಹೊರಗೆ ತೆಗೆದು, ಹೊಳೆಯುವ ಬದಿಯನ್ನು ಬೆಳಕಿಗೆ ಹಿಡಿದರು.

"ಸಿಡಿಗೂ ಕುಂಕುಮ ಇಟ್ಬುಟ್ಟವ್ರೆ ಕಣಮ್ಮ! ಯಾರು ಈ ಪುಣ್ಯಾತ್ಗಿತ್ತಿ?"

ಆಯುಧಪೂಜೆಯ ದಿನ ಭಕ್ತಿಯಿಂದ ಎಲ್ಲಕ್ಕೂ ಬೊಟ್ಟಿಟ್ಟವಳು ನಾನೇ.

ಸರಿ, ಬಾಗಿಲು ನನ್ನ ತಪ್ಪು. ಆ ಮೀಸೆ? ಅದಕ್ಕೂ ನಾನೇ ಕುಂಕುಮ ಇಟ್ಟಿದ್ದೆನೇ?