ಹಲ್ಲು ಕಟ್ಟುವವಳ ಉತ್ತರ

ಭಾನುವಾರ, ಮಾರ್ಚ್ ೧೪
ಮಧ್ಯಾಹ್ನ

ರೀ,

ಏನೆಂದು ಶುರು ಮಾಡಲಿ ಎಂದು ಎರಡು ಹಾಳೆ ಹರಿದೆ. ‘ಪ್ರೀತಿಯ’ ಎಂದರೆ ನೀವು ನಗುತ್ತೀರಿ, ‘ಮಾನ್ಯರೇ’ ಎಂದರೆ ನನಗೇ ನಗು ಬರುತ್ತದೆ. ಕೊನೆಗೆ ಇಪ್ಪತ್ತೆರಡು ವರ್ಷದ ಹಳೆಯ ಒಂದಕ್ಷರವೇ ಇರಲಿ ಅಂದುಕೊಂಡೆ. ಈ ಊರಿನಲ್ಲಿ ಆ ಅಕ್ಷರಕ್ಕೆ ತಿರುಗಿ ನೋಡುವವರು ಯಾರೂ ಇಲ್ಲ.

ನಿಮ್ಮ ಲಕೋಟೆ ಬಂದು ಐದು ವಾರವಾಯಿತು. ವಕೀಲರ ವಿಚ್ಛೇದನದ ಕಾಗದ ನಾಲ್ಕು ಹಾಳೆ, ನಿಮ್ಮದು ಮೂರು ಸಾಲು. ಅಲ್ಲಿ ಸುಖವಾಗಿದ್ದರೆ ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸು, ಇಲ್ಲದಿದ್ದರೆ ವಾಪಸ್ ಬಾ, ಎರಡರಲ್ಲಿ ಒಂದು ಹೇಳು ಎಂದು ಬರೆದಿದ್ದೀರಿ. ಗಡಿಯಾರ ರಿಪೇರಿ ಮಾಡುವವರ ಬುದ್ಧಿಯೇ ಇಷ್ಟು. ನಡೆಯುತ್ತಿದೆಯೋ ನಿಂತಿದೆಯೋ, ಅಷ್ಟು ಗೊತ್ತಾದರೆ ಸಾಕು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಹವಾಮಾನ ಇಲಾಖೆಯವರಾಗಿಬಿಡುತ್ತೇವೆ. “ಅಲ್ಲಿ ಚಳಿನಾ?” ಅಂತ ನೀವು, “ಹೂಂ, ಅಲ್ಲಿ?” ಅಂತ ನಾನು, “ಸೆಕೆ” ಅಂತ ನೀವು. ಅಲ್ಲಿಗೆ ಸಂಸಾರ ಮುಗಿಯಿತು.

ಸುಖದ ವಿಷಯ ಕೇಳಿದ್ದೀರಿ, ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ಬೆಳಿಗ್ಗೆ ಆರೂಮುಕ್ಕಾಲರ ಬಸ್ಸು. ನೆಲಮಾಳಿಗೆಯ ಲ್ಯಾಬಿನಲ್ಲಿ ಎಂಟು ಜನ, ಗೋಡೆ ಪಕ್ಕದ ಮೂರನೇ ಮೇಜು ನನ್ನದು. ಮೇಣದಲ್ಲಿ ವಸಡು ಕೆತ್ತುವುದು, ಹಲ್ಲು ಕೂರಿಸುವುದು, ಉಜ್ಜಿ ಹೊಳಪು ಕೊಡುವುದು. ಈಗ ಅರ್ಧಕ್ಕರ್ಧ ಯಂತ್ರವೇ ಮಾಡುತ್ತದೆ, ಅದು ಬಿಟ್ಟ ಚೂರುಪಾರು ನನ್ನ ಪಾಲಿಗೆ. ನಾನು ಇಲ್ಲಿಯ ಮುಖ್ಯಸ್ಥೆ ಎಂದು ನಿಮ್ಮೆಲ್ಲರಿಗೂ ಹೇಳಿದ್ದೆನಲ್ಲ, ಅದು ಸುಳ್ಳು. ಮೂರು ವರ್ಷದ ಹಿಂದೆ ಆ ಕುರ್ಚಿ ನನ್ನ ಕೈಕೆಳಗೆ ಕಲಿತ ಹುಡುಗಿಗೆ ಹೋಯಿತು. ಒಳ್ಳೆಯ ಹುಡುಗಿ. ಪ್ಲಾಸ್ಟರಿನ ಮೂಟೆ ಎತ್ತಲು ನನ್ನನ್ನು ಬಿಡುವುದಿಲ್ಲ, ವಯಸ್ಸಾದವರು ಅಂತ. ಕುರ್ಚಿ ಹೋಗಿದ್ದಕ್ಕಿಂತ ಅದು ಹೆಚ್ಚು ಚುಚ್ಚುತ್ತದೆ. ಸಂಜೆ ಮನೆಗೆ ಬಂದು ಹುಬ್ಬಿನಲ್ಲಿ ಕೂತ ಬಿಳಿ ಪುಡಿ ತೊಳೆದುಕೊಳ್ಳುತ್ತೇನೆ. ಒಂದು ತಟ್ಟೆ, ಒಂದು ಲೋಟ. ಕೂತರೆ ಮತ್ತೆ ಏಳಲು ಮನಸ್ಸಾಗುವುದಿಲ್ಲ.

ಇದನ್ನು ಓದಿ ‘ಅಯ್ಯೋ ಪಾಪ’ ಅನ್ನಬೇಡಿ. ಇಲ್ಲಿಗೆ ಬಂದ ಮೊದಲ ವರ್ಷ ನಾನು ಎಷ್ಟು ಹಗುರಾಗಿದ್ದೆ ಎಂದು ನಿಮಗೆ ಯಾವತ್ತೂ ಹೇಳಿಲ್ಲ. ಊರಿನಲ್ಲಿ ಯಾರೇ ಎದುರಾದರೂ ಮೊದಲು ನನ್ನ ಹೊಟ್ಟೆ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ನಿಮ್ಮ ದೊಡ್ಡಮ್ಮ, ನನ್ನ ಸ್ವಂತ ಅಕ್ಕ, ಮೂಲೆಯಂಗಡಿಯವನು ಕೂಡ. ಹನ್ನೊಂದು ವರ್ಷ ಹಾಗೆ ನೋಡಿಸಿಕೊಂಡೆ. ಇಲ್ಲಿ ಬಸ್ಸಿನಲ್ಲಿ ಯಾರೂ ನನ್ನನ್ನು ನೋಡಲಿಲ್ಲ. ಯಾರೂ ನೋಡದಿರುವುದು ಎಂಥ ಆರಾಮ ಎಂದು ನಿಮಗೆ ಗೊತ್ತಿಲ್ಲ, ನೀವು ಗಂಡಸರು. ಆ ಆರಾಮವೇ ಮುಂದೆ ಯಾವಾಗ ಬೇರೆ ಏನೋ ಆಯಿತು ಎಂದು ನನಗೂ ಸರಿಯಾಗಿ ಗೊತ್ತಿಲ್ಲ.

ಆಮೇಲೆ ನೀವೂ ಇಲ್ಲಿಗೆ ಬಂದು ಎರಡು ವರ್ಷ ಇದ್ದಿರಿ. ಇಲ್ಲಿ ಯಾರೂ ಗಡಿಯಾರ ರಿಪೇರಿ ಮಾಡಿಸುವುದಿಲ್ಲ, ಎಸೆದು ಹೊಸದು ತರುತ್ತಾರೆ. ಅಡುಗೆಮನೆಯ ಗಡಿಯಾರವನ್ನೇ ನೀವು ಬಿಚ್ಚಿ ಬಿಚ್ಚಿ ಜೋಡಿಸುತ್ತಿದ್ದಿರಿ. ಕೊನೆಗೊಂದು ದಿನ ನಾನು ಕೆಲಸದಿಂದ ಬಂದು ಕೋಟು ಕೂಡ ಬಿಚ್ಚಿರಲಿಲ್ಲ, ಆಗ ಅಂದಿರಿ, “ನನ್ ಕೈಗೆ ಇಲ್ಲಿ ಕೆಲ್ಸ ಇಲ್ಲ ಕಣೆ. ಕೆಲ್ಸ ಇಲ್ದಿರೋ ಕೈನ ಎಲ್ಲಿಟ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ.” ನಾನೂ ಜೊತೆಗೆ ಬರುತ್ತೇನೆ ಎನ್ನಲಿ ಎಂದು ನೀವು ಕಾಯುತ್ತಿದ್ದಿರಿ. ನಾನು ಸುಮ್ಮನೆ ನಿಮ್ಮ ಅಂಗಿಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬಿದೆ.

ನಿಮ್ಮ ಲಕೋಟೆಯನ್ನು ಮೇಜಿನ ಖಾನೆಗೆ ಹಾಕಿ ಮರೆತ ಹಾಗೆ ನಟಿಸುತ್ತಿದ್ದೆ. ಅಷ್ಟರಲ್ಲಿ ಒಂದು ಘಟನೆ ನಡೆಯಿತು.

ನಾವು ಹಲ್ಲು ಮಾಡುತ್ತೇವೆ, ಆದರೆ ಬಾಯಿ ನೋಡುವುದಿಲ್ಲ. ದಂತವೈದ್ಯರಿಂದ ಅಚ್ಚು ಬರುತ್ತದೆ, ಹಲ್ಲಿನ ಸೆಟ್ ಹೋಗುತ್ತದೆ. ಹೋದ ತಿಂಗಳು ಒಂದು ಮೇಲಿನ ಸೆಟ್ ಮೂರು ಸಲ ವಾಪಸ್ ಬಂತು. ಚೀಟಿಯಲ್ಲಿ ಪ್ರತಿ ಸಲವೂ ಒಂದೇ ಮಾತು: ಅಳತೆ ಸರಿಯಾಗಿದೆ, ರೋಗಿಗೆ ಸಮಾಧಾನವಿಲ್ಲ. ದಂತವೈದ್ಯರಿಗೆ ರೇಗಿ ಹೋಗಿರಬೇಕು, ನಾಲ್ಕನೇ ಸಲ ರೋಗಿಯನ್ನೇ ಲ್ಯಾಬಿಗೆ ಕಳಿಸಿಬಿಟ್ಟರು.

ಎಪ್ಪತ್ತು ದಾಟಿದ ಹೆಂಗಸು. ಜೊತೆಗೆ ಮಗಳು, ಕೈಯಲ್ಲಿ ಕಾರಿನ ಕೀ, ಕಣ್ಣಿನ ಕೆಳಗೆ ಕಪ್ಪು. ಮಗಳು ಇಲ್ಲಿಯ ಭಾಷೆಯಲ್ಲಿ ಈಗ ಮುಖ್ಯಸ್ಥೆಯಾಗಿರುವ ನಮ್ಮ ಹುಡುಗಿಯ ಹತ್ತಿರ ಕ್ಷಮೆ ಕೇಳಿದಳು. ಆಮೇಲೆ ತಾಯಿಯ ಕಡೆ ತಿರುಗಿ ನಮ್ಮ ಮಾತಿನಲ್ಲಿ, “ಅಮ್ಮ, ಇವತ್ತಾದ್ರೂ ಏನಾಗ್ತಿದೆ ಅಂತ ಬಾಯ್ಬಿಟ್ಟು ಹೇಳು” ಅಂದಳು. ನನ್ನ ಕೈಯಲ್ಲಿದ್ದ ಚಾಕು ಜಾರಿ ಮೇಣದ ಮೇಲೆ ಬಿತ್ತು.

ನಾನು ಹೋಗಿ ಮಾತಾಡಿಸಿದೆ. ಮಗಳು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಮ್ಮ ಬಂದು ಐದು ತಿಂಗಳಾಯಿತು, ಎರಡು ತಿಂಗಳ ಹಿಂದೆ ಹಲ್ಲು ಕಟ್ಟಿಸಿದಾಗಿನಿಂದ ಮಾತೇ ಬಿಟ್ಟಿದ್ದಾಳೆ, ಮಂಕು ಕವಿದಿದೆ ಎಂದು ಮನೋವೈದ್ಯರು ಮಾತ್ರೆ ಕೊಟ್ಟಿದ್ದಾರೆ, ವಾಪಸ್ ಹೋಗಲು ಹೂಡಿರುವ ಹಟ ಇದು ಎಂದು ಗಂಡ ಹೇಳುತ್ತಾನೆ, ಹೀಗೆ ಒಂದೇ ಉಸಿರಿನಲ್ಲಿ ಸುರಿದಳು. ತಾಯಿ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡರು. ಕಿವಿಯಲ್ಲಿ ಅಂದರು, “ಅಗಿಯೋಕೆ ಏನೂ ತೊಂದ್ರೆ ಇಲ್ಲಮ್ಮ. ಮಗಲೇ ಅಂತ ಬರತ್ತೆ. ಮಗಲೇ, ಮಗಲೇ. ಮೊಮ್ಮಗಲು ನಗ್ತಾಲೆ.”

ಅಷ್ಟೇ ರೀ. ನಾಲಿಗೆ ಮಡಿಚಿ ಮೇಲೆ ಬಡಿಯುವ ಜಾಗದಲ್ಲಿ ಸೆಟ್ಟಿನ ಅಂಗುಳ ದಪ್ಪವಾಗಿತ್ತು. ಇಲ್ಲಿಯವರ ಭಾಷೆಯಲ್ಲಿ ಳ ಇಲ್ಲ, ಣ ಇಲ್ಲ. ವೈದ್ಯರು ತಮಗೆ ಗೊತ್ತಿದ್ದ ಪದಗಳನ್ನೆಲ್ಲ ಹೇಳಿಸಿ ನೋಡಿದ್ದಾರೆ, ಎಲ್ಲವೂ ಸರಿಯಾಗಿಯೇ ಬಂದಿವೆ. ಆ ದಪ್ಪ ಕೆತ್ತಿದ್ದು ನಾನೇ. ಹನ್ನೊಂದು ವರ್ಷದಿಂದ ಇವರ ನಾಲಿಗೆಗೆ ತಕ್ಕಂತೆ ಮಾಡಿ ಮಾಡಿ, ನಮ್ಮದೂ ಒಂದು ನಾಲಿಗೆ ಇದೆ ಎಂಬುದೇ ನನ್ನ ಕೈಗೆ ಮರೆತುಹೋಗಿತ್ತು.

ಸೆಟ್ಟಿಗೆ ತೆಳುವಾಗಿ ಪುಡಿ ಬಳಿದು ಬಾಯಲ್ಲಿಟ್ಟು ‘ಬಳೆ’ ಅನ್ನಿ ಅಂದೆ. ತೆಗೆದು ನೋಡಿದರೆ ನಾಲಿಗೆ ಎಲ್ಲಿ ತಾಗಿದೆಯೋ ಅಲ್ಲಿ ಪುಡಿ ಅಳಿಸಿತ್ತು. ಅಷ್ಟು ಜಾಗ ಉಜ್ಜಿದೆ. ಮತ್ತೆ ಪುಡಿ, ಮತ್ತೆ ‘ಕೊಳ’, ಮತ್ತೆ ‘ಹಣೆ’. ನಾನೂ ಜೊತೆಗೇ ಹೇಳುತ್ತಿದ್ದೆ. ನನ್ನ ದನಿ ನನಗೇ ಯಾರದೋ ದನಿಯ ಹಾಗೆ ಕೇಳಿಸಿತು. ಪಕ್ಕದ ಮೇಜಿನವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಐದನೇ ಸಲಕ್ಕೆ ಆಯಮ್ಮ ಬಾಯಿ ಮುಚ್ಚಿ, ನಾಲಿಗೆ ಒಳಗೇ ಆಡಿಸಿ ನೋಡಿಕೊಂಡು, ಮಗಳ ಕಡೆ ತಿರುಗಿ ಬೈದರು: “ಕಾರನ್ನ ಅಷ್ಟು ಜೋರಾಗಿ ಯಾಕೆ ಓಡಿಸ್ತೀಯೇ ಮಗಳೇ? ದಿನಾ ನನ್ ಜೀವ ಬಾಯಿಗೆ ಬರತ್ತೆ.”

ಮಗಳು ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಯಮ್ಮ ನಿಲ್ಲಿಸಲಿಲ್ಲ. ಎರಡು ತಿಂಗಳಿನದು ಬಾಕಿ ಇತ್ತಲ್ಲ. ಅಳಿಯ ಬಾಗಿಲು ಹಾಕುವ ಸದ್ದು, ಕೆಳಗಿನ ಮನೆಯ ನಾಯಿ, ಯಾರೂ ಒಗೆದು ಒಣಗಿಸದ ಕಿಟಕಿ ಪರದೆ, ಎಲ್ಲ ಬಂತು. ಹೊರಡುವಾಗ ಯಾರಿದ್ದಾರೆ ನಿನಗೆ ಇಲ್ಲಿ ಎಂದು ನನ್ನನ್ನು ಕೇಳಿದರು. ಇಲ್ಲಿ ಯಾರೂ ಇಲ್ಲ, ಊರಿನಲ್ಲಿ ಯಜಮಾನರು ಇದ್ದಾರೆ ಅಂದೆ. “ಮತ್ತೆ ನೀನ್ಯಾರ ಹತ್ರ ಬೈಸ್ಕೋತೀಯ?” ಅಂದರು. ತಮಾಷೆಗೇ ಅಂದಿದ್ದು. ನಾನೂ ನಕ್ಕೆ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತೆ.

ಅತ್ತೆಯ ನೆನಪಾಗಿತ್ತು.

ಬೀದಿಯವರಿಗೆಲ್ಲ “ನನ್ ಸೊಸೆ ಹಲ್ಲಿನ ಡಾಕ್ಟ್ರು” ಎಂದು ಹೇಳಿಕೊಂಡು ತಿರುಗುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಹೊಟ್ಟೆ ನೋಡದೆ ಮುಖ ನೋಡಿ ಮಾತಾಡಿಸಿದವರು ಆ ಮನೆಯಲ್ಲಿ ಅವರೊಬ್ಬರೇ. ತಮ್ಮ ಬಾಯಲ್ಲಿ ಮೂರೇ ಹಲ್ಲು ಉಳಿದಾಗಲೂ ಬೇರೆಯವರ ಹತ್ತಿರ ಕಟ್ಟಿಸಿಕೊಳ್ಳಲು ಒಪ್ಪಲಿಲ್ಲ. “ನೀನ್ ಬಂದಾಗ ನಿನ್ ಕೈಯಲ್ಲೇ ಮಾಡ್ಕೊಡು, ಅಲ್ಲೀವರೆಗೆ ಗಂಜಿ ಕುಡೀತೀನಿ” ಎಂದು ಫೋನಿನಲ್ಲಿ ಅಂದಿದ್ದರು. ನಾಲ್ಕು ವರ್ಷ ಕುಡಿದರು.

ಅವರು ಹೋದ ದಿನ ನೀವು ಫೋನ್ ಮಾಡಿದಿರಿ. ರಜೆ ಕೇಳಿದೆ, ಕೊಡಲಿಲ್ಲ ಎಂದೆ. ನೀವು “ಇರ್ಲಿ ಬಿಡು, ಏನ್ ಮಾಡೋಕಾಗತ್ತೆ” ಅಂದಿರಿ. ಇಲ್ಲಿಯವರು ಕಲ್ಲುಮನಸ್ಸಿನವರು ಎಂದು ನಿಮ್ಮಣ್ಣ ಈಗಲೂ ಹೇಳಿಕೊಂಡು ತಿರುಗುತ್ತಾರಂತೆ.

ನಾನು ರಜೆ ಕೇಳಲೇ ಇಲ್ಲ ರೀ.

ಯಾಕೆ ಕೇಳಲಿಲ್ಲ ಎಂದು ಆಗ ನನಗೂ ತಿಳಿದಿರಲಿಲ್ಲ. ಹಲ್ಲಿಲ್ಲದ ಆ ಬಾಯಿ ನೋಡಲು ಧೈರ್ಯವಿರಲಿಲ್ಲ. ಬಂದರೆ ಮತ್ತೆ ಹೊರಡಲಾರೆ ಎಂಬ ಭಯವೂ ಇತ್ತು, ಹೊರಟರೆ ನೀವು ನನ್ನನ್ನು ತಡೆಯುವುದಿಲ್ಲ ಎಂಬ ಭಯವೂ ಇತ್ತು. ಫೋನ್ ಇಟ್ಟು ಕೆಲಸಕ್ಕೆ ಹೋಗಿ ಅವತ್ತು ಆರು ಸೆಟ್ ಮುಗಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ನಾನು ಅಷ್ಟು ಬಯಸಿ ಪಡೆದ, ಯಾರೂ ನೋಡದ ಆರಾಮ ಅದೇ.

ಈಗ ನಿಮ್ಮ ಪ್ರಶ್ನೆ. ಇಲ್ಲಿ ಸುಖವಾಗಿದ್ದೇನೆ ಎಂದು ಸಹಿ ಮಾಡಿದರೆ ಸುಳ್ಳಾಗುತ್ತದೆ. ಸುಖವಿಲ್ಲ ಎಂದು ಗಂಟುಮೂಟೆ ಕಟ್ಟಿ ಬಂದರೆ ಅದೂ ಸುಳ್ಳೇ. ಅಲ್ಲಿದ್ದಾಗ ಮಾತ್ರ ನಾನೇನು ಸುಖದಲ್ಲಿ ತೇಲುತ್ತಿದ್ದೆನೇ? ದೇಶ ಬಿಟ್ಟು ಬಂದವರು ಏನನ್ನೋ ಕಳೆದುಕೊಂಡಿರಬೇಕು ಇಲ್ಲವೇ ಏನನ್ನೋ ಗಳಿಸಿರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ದಣಿವಾಗಿದೆ, ಅಷ್ಟೇ. ದಣಿವು ಸುಖದಲ್ಲಿ ಸೇರುತ್ತದೋ ದುಃಖದಲ್ಲಿ ಸೇರುತ್ತದೋ ನಿಮ್ಮ ವಕೀಲರನ್ನೇ ಕೇಳಿ ನೋಡಿ.

ಇನ್ನೊಂದು ಮಾತು. ನಿಮಗೆ ಜೊತೆಗೆ ಯಾರಾದರೂ ಸಿಕ್ಕಿದ್ದರೆ ಹಾಗೆಂದೇ ಹೇಳಿ. ನಾನು ಕೂಗಾಡುವುದಿಲ್ಲ, ಆ ಹಕ್ಕನ್ನು ಅಂಗಿಗಳ ಜೊತೆ ನಾನೇ ಮಡಿಸಿ ಕಳಿಸಿಬಿಟ್ಟೆ. ಆದರೆ ನಿಮಗೆ ಬೇಕಾದ್ದನ್ನು ನನ್ನ ಸುಖದ ಹೆಸರಿನಲ್ಲಿ ಕೇಳಬೇಡಿ. ಮೂರು ಸಾಲಿನಲ್ಲಿ ನಿಮ್ಮ ಸುಖದ ಮಾತು ಒಂದೂ ಇರಲಿಲ್ಲ. ನೀವು ಹೇಗಿದ್ದೀರಿ? ಹವಾಮಾನ ಬೇಡ.

ಇಂತಿ,
ನಿಮ್ಮ ಬಾಯಲ್ಲಿ ಇಷ್ಟು ವರ್ಷ ಬರೀ ‘ಇವಳು’ ಆಗಿದ್ದವಳು

ಮರೆತ ಮಾತು: ಪತ್ರ ಭಾನುವಾರ ಮುಗಿಸಿದ್ದೆ, ಇವತ್ತು ಮಂಗಳವಾರ. ನಿನ್ನೆ ಹೋಗಿ ರಜೆ ಕೇಳಿದೆ. ನಮ್ಮ ಹುಡುಗಿ ಪುಸ್ತಕದಿಂದ ತಲೆ ಎತ್ತದೆ ಕೊಟ್ಟುಬಿಟ್ಟಳು, ಯಾಕೆ ಅಂತಲೂ ಕೇಳಲಿಲ್ಲ. ಅದು ಅಷ್ಟು ಸುಲಭ ಇತ್ತು. ಏಪ್ರಿಲ್ ಒಂಬತ್ತಕ್ಕೆ ಬರುತ್ತೇನೆ, ಹದಿನಾರು ದಿನ ಇರುತ್ತೇನೆ. ವಕೀಲರ ಕಾಗದ ಸಹಿ ಇಲ್ಲದೆ ನನ್ನ ಕೈಚೀಲದಲ್ಲೇ ಇರುತ್ತದೆ, ಬೇಕೆಂದರೆ ನಿಮ್ಮೆದುರೇ ಸಹಿ ಮಾಡುತ್ತೇನೆ. ತಗೊಂಡಿರುವುದು ಹೋಗಿಬರುವ ಟಿಕೆಟ್. ಮೊದಲೇ ಹೇಳಿಬಿಡುತ್ತಿದ್ದೇನೆ, ಈ ಸಲ ಸುಳ್ಳು ಹೊತ್ತುಕೊಂಡು ಬರುವುದು ಬೇಡ. ಕರೆದುಕೊಂಡು ಹೋಗಲು ಬರಬೇಕಾಗಿಲ್ಲ. ಬಂದರೆ, ಮುಖ ಗುರುತು ಸಿಗದಿದ್ದರೂ ಗಾಬರಿಯಾಗಬೇಡಿ, ನಾನೇ ಕೂಗುತ್ತೇನೆ.